ಹಣ್ಣಾದ ಆಳುಗಳು

ಆ ವಾಕ್ಯ ಒಂದು ಆಟದ ನಿಯಮಪುಸ್ತಕದ ನಡುಪುಟದಲ್ಲಿತ್ತು. ಹಡಗು ಹತ್ತಿ ದಾಳಿಗೆ ಹೋದ ಆಳಿನ ಪಾಲಿಗೆ ಕಪ್ಪು ದಾಳದಲ್ಲಿ ಕಾಗೆ ಬಿದ್ದರೆ ಆ ಆಳು ಏನಾಗುತ್ತದೆ ಎಂದು ಹೇಳುವ ವಾಕ್ಯ. ಇಂಗ್ಲಿಷಿನಲ್ಲಿ ಅದಕ್ಕೆ ಅರ್ಧ ಸಾಲು ಸಾಕಾಗಿತ್ತು. ಕನ್ನಡದಲ್ಲಿ ನಾನು ಅದನ್ನು ಬೆರಳಚ್ಚಿಸುವುದು, ಅಳಿಸುವುದು, ಎದ್ದು ಹೋಗಿ ನೀರು ಕುಡಿಯುವುದು, ಬಂದು ಮತ್ತೆ ಬೆರಳಚ್ಚಿಸುವುದು, ಹೀಗೇ ನಡೆದಿತ್ತು.

ಪುಣೆಯ ಪೇಠೆಯೊಂದರ ಡಿಟಿಪಿ ಅಂಗಡಿಯಲ್ಲಿ ನನ್ನದು ಕನ್ನಡದ ಟೇಬಲ್ಲು. ಮರಾಠಿಗೆ ಎರಡು ಟೇಬಲ್ಲು, ಹಿಂದಿಗೆ ಒಂದು, ಕಿಟಕಿಯ ಪಕ್ಕದ್ದು ಕನ್ನಡಕ್ಕೆ. ಇಲ್ಲಿಯ ಕನ್ನಡದವರ ಮದುವೆ ಕಾಗದ, ಗೃಹಪ್ರವೇಶದ ಕಾಗದ, ಸಂಘದ ಸ್ಮರಣಸಂಚಿಕೆ, ವೈಕುಂಠ ಸಮಾರಾಧನೆಯ ಕಾಗದ, ಇವು ನನ್ನ ಕೆಲಸ. ಈಗ ಮದುವೆ ಕಾಗದವೂ ಫೋನಿನಲ್ಲೇ ಹೋಗುತ್ತದೆ. ನನ್ನ ಟೇಬಲ್ಲಿನ ಮೇಲೆ ಶಾಲಾ ಮಕ್ಕಳ ಮರಾಠಿ ಗೈಡುಗಳ ಕಟ್ಟು ಬಂದು ಕೂರುವುದು ಹೆಚ್ಚಾಗಿತ್ತು.

ಹೆಂಡತಿ ತೀರಿಕೊಂಡ ಮೇಲೆ ನಾನು ಕೆಲಸಕ್ಕೆ ಮರಳಿದ ವಾರದಲ್ಲೇ ಈ ಆಟ ಬಂತು. ಅವಳು ನನ್ನ ಅಕ್ಕನ ಮಗಳು. ನಮ್ಮ ಕಡೆ ಹಾಗೆ ಮದುವೆ ಮಾಡುವುದಿದೆ. ಅಕ್ಕ ತನ್ನ ಗಂಡ ಹೋದ ಮೇಲೆ ಪುಣೆಯಂಚಿನ ನಿಗಡಿಯ ನಮ್ಮ ಮನೆಗೇ ಬಂದಿದ್ದಳು. ಹಾಗಾಗಿ ಈಗ ಮನೆಯಲ್ಲಿ ಉಳಿದವರು ಮಗಳನ್ನು ಕಳೆದುಕೊಂಡ ಅಕ್ಕ ಮತ್ತು ಹೆಂಡತಿಯನ್ನು ಕಳೆದುಕೊಂಡ ತಮ್ಮ. ಇಬ್ಬರೂ ಅವಳ ಮಾತು ಎತ್ತುತ್ತಿರಲಿಲ್ಲ. ಸಾರು ಹೆಚ್ಚಾಯಿತು, ಹಾಲು ಒಡೆಯಿತು, ಇಷ್ಟೇ ಮಾತು. ಮಧ್ಯಾಹ್ನದ ಊಟವಾದ ಮೇಲೆ ತಾಯಿ ಮಗಳು ಅಡುಗೆಮನೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು ಚೌಕಾಬಾರಾ ಆಡುತ್ತಿದ್ದರು. ಕವಡೆಗಳು ಪೌಡರಿನ ಡಬ್ಬಿಯಲ್ಲಿರುತ್ತಿದ್ದವು. ಆ ಡಬ್ಬಿ ಎಲ್ಲಿ ಹೋಯಿತೋ ನಾನು ಕೇಳಲಿಲ್ಲ.

ಆಟ ತಂದವಳು ಬೆಂಗಳೂರಿನ ಹುಡುಗಿ. ಇಲ್ಲಿಯ ಒಂದು ಸಣ್ಣ ಆಟದ ಕಂಪನಿಯಲ್ಲಿ ಕನ್ನಡದ ಆವೃತ್ತಿ ಅವಳ ಜವಾಬ್ದಾರಿ. ಇಂಗ್ಲಿಷ್ ಪುಸ್ತಕದ ಜೊತೆಗೆ ಎಲ್ಲೋ ಮಾಡಿಸಿದ ಕನ್ನಡ ಅನುವಾದವೂ ಇತ್ತು. 'ಕಾರ್ಮಿಕರ ನಿಯೋಜನೆಯ ಹಂತ' ಎಂದು ಶುರುವಾಗುತ್ತಿತ್ತು.

"ಇದನ್ನ ಓದಿದ್ರೆ ನಂಗೇ ಆಟ ಆಡಕ್ಕೆ ಬರಲ್ಲ ಸರ್," ಎಂದಳು. "ಪೇಜ್ ಸೆಟ್ ಮಾಡೋವಾಗ ಭಾಷೆನೂ ಸ್ವಲ್ಪ ನೋಡಿ. ನಾನೂ ಕೂತ್ಕೋತೀನಿ."

ಅವಳು ಪೆಟ್ಟಿಗೆ ತೆರೆದು ಆಟವನ್ನು ತೋರಿಸಿದಳು. ಸಮುದ್ರದಂಚಿನ ಒಂದು ವೈಕಿಂಗ್ ಊರು, ಹಿಂದೆ ಯುರೋಪಿನ ಉತ್ತರದಲ್ಲಿದ್ದ ಹಡಗು ದಾಳಿಕೋರರದು. ಪ್ರತಿಯೊಬ್ಬರಿಗೂ ಐದು ಮರದ ಆಳುಗಳು, ಮೂರು ಬಿಳಿ ದಾಳಗಳು. ಋತು ಶುರುವಾದಾಗ ದಾಳ ಹಾಕಬೇಕು. ಒಂದು ಬಿದ್ದರೆ ಹೊಲ, ಎರಡು ಕಾಡು, ಮೂರು ಕುಲುಮೆ, ನಾಲ್ಕು ದೋಣಿಕಟ್ಟೆ, ಐದು ಸಂತೆ, ಆರು ಹಡಗು. ಬಿದ್ದ ಅಂಕಿಯ ಜಾಗದಲ್ಲಿ ಮಾತ್ರ ಆಳನ್ನು ನಿಲ್ಲಿಸಬಹುದು. ಹೊಲದಲ್ಲಿ ನಿಂತವನು ಕಾಳು ತರುತ್ತಾನೆ, ಕಾಡಿನಲ್ಲಿ ನಿಂತವನು ಮರ ತರುತ್ತಾನೆ. ಋತು ಮುಗಿದಾಗ ಆಳುಗಳನ್ನೆಲ್ಲ ತನ್ನ ಅಂಗಳಕ್ಕೆ ಕರೆದುಕೊಳ್ಳಬೇಕು.

ಹಡಗಿನ ಕಥೆ ಬೇರೆ. ಮೂರು ಆಳು ಕೂಡಿದರೆ ಅದು ದಾಳಿಗೆ ಹೊರಡುತ್ತದೆ. ಆಗ ಒಬ್ಬೊಬ್ಬನಿಗೂ ಒಮ್ಮೆ ಕಪ್ಪು ದಾಳ. ಗುರಾಣಿ ಬಿದ್ದರೆ ಕೊಳ್ಳೆ ಹೊತ್ತು ಅಂಗಳಕ್ಕೆ ಬರುತ್ತಾನೆ. ಕೊಡಲಿ ಬಿದ್ದರೆ ಗಾಯ, ಒಂದು ಋತು ಒಲೆಯ ಪಕ್ಕ ಮಲಗಬೇಕು. ಕಾಗೆ ಬಿದ್ದರೆ ಸಾವು. ಕಾದಾಡಿ ಸತ್ತವನಿಗೆ ವೀರರ ಸಭೆಯಲ್ಲಿ ಜಾಗ ಎಂದು ವೈಕಿಂಗ್‌ಗಳ ನಂಬಿಕೆಯಂತೆ. ಹಲಗೆಯ ಮೇಲ್ಭಾಗದಲ್ಲಿ ಒಂದು ಉದ್ದನೆಯ ಕಟ್ಟಡದ ಚಿತ್ರವಿದೆ. ಸತ್ತ ಆಳನ್ನು ಅಲ್ಲಿ ಕೂರಿಸಬೇಕು. ಅವನು ತಿರುಗಿ ಬರುವುದಿಲ್ಲ. ಅಲ್ಲಿಯ ಆಸನಗಳು ತುಂಬಿದಾಗ ಆಟ ಮುಗಿಯುತ್ತದೆ, ಆಗ ಅಲ್ಲಿ ಕೂತವರನ್ನು ಎಣಿಸಿ ಅವರ ಯಜಮಾನನಾದ ಆಟಗಾರನಿಗೆ ಕೀರ್ತಿಯ ಅಂಕ ಕೊಡುತ್ತಾರೆ.

ಕಪ್ಪು ದಾಳದ ಮೇಲಿನ ಕಾಗೆಯನ್ನು ನಾನು ಬೆರಳಿನಿಂದ ಮುಟ್ಟಿ ನೋಡಿದೆ. ಅಕ್ಕನೂ ನಾನೂ ಎಡೆ ಇಟ್ಟು ಕಾಗೆಗಾಗಿ ಕಾದ ದಿನ ಹಳೆಯದಾಗಿರಲಿಲ್ಲ.

ಕೆಲಸ ಶುರುವಾದದ್ದು ತಾಂತ್ರಿಕ ತೊಂದರೆಗಳಿಂದ. ಅನುವಾದ ಹಳೆಯ ಅಕ್ಷರವಿನ್ಯಾಸದಲ್ಲಿತ್ತು. ಯುನಿಕೋಡಿಗೆ ಬದಲಿಸಿದಾಗ ಅರ್ಕಾವೊತ್ತುಗಳು ಒಂದಕ್ಷರ ಹಿಂದಕ್ಕೆ ಜಿಗಿದವು. ಸಾಲುಗಳ ನಡುವೆ ದಾಳದ ಚಿಕ್ಕ ಚಿತ್ರಗಳನ್ನು ಕೂರಿಸಬೇಕಿತ್ತು. ಇಂಗ್ಲಿಷಿನಲ್ಲಿ ಅವು ಸುಮ್ಮನೆ ಕೂತಿದ್ದವು, ಕನ್ನಡದಲ್ಲಿ ಮೇಲಿನ ಸಾಲಿನ ಒತ್ತಕ್ಷರ ಇಳಿದು ಚಿತ್ರದ ತಲೆಗೆ ಬಡಿಯುತ್ತಿತ್ತು. ಸಾಲಿನ ಅಂತರ ಹೆಚ್ಚಿಸಿದರೆ ಪುಟ ಉಕ್ಕುತ್ತಿತ್ತು. ನಡುವೆ ಪಿನ್ನು ಹೊಡೆಯುವ ಪುಸ್ತಕಕ್ಕೆ ಪುಟಗಳನ್ನು ನಾಲ್ಕರ ಲೆಕ್ಕದಲ್ಲೇ ಹೆಚ್ಚಿಸಬೇಕು, ಅದಕ್ಕೆ ಕಂಪನಿ ಒಪ್ಪಲಿಲ್ಲ. ಇನ್ನು 'ವೈಕಿಂಗ್‌ಗಳು' ಎಂಬ ಪದ. ಗ್ ಆದ ಮೇಲೆ ಒಂದು ಕಾಣದ ಗುರುತು ಇಡದಿದ್ದರೆ ಎರಡು ಗಕಾರ ಒಂದರ ಕೆಳಗೊಂದು ಸೇರಿ 'ವೈಕಿಂಗ್ಗಳು' ಆಗಿಬಿಡುತ್ತದೆ. ಫೈಲು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹೋದಾಗಲೆಲ್ಲ ಆ ಗುರುತು ಉದುರುತ್ತಿತ್ತು. ಇಂಥ ಕೆಲಸ ನನಗೆ ಬೇಕಾಗಿತ್ತು. ಕೈ ಓಡುತ್ತಿದ್ದಾಗ ತಲೆ ಸುಮ್ಮನಿರುತ್ತಿತ್ತು. ಕೈ ನಿಂತ ಕೂಡಲೆ ಟೇಬಲ್ಲಿನ ಕೆಳಗೆ ಕಾಲು ಕುಣಿಯಲು ಶುರುವಾಗುತ್ತಿತ್ತು, ಪಕ್ಕದ ಮರಾಠಿಯವನು ತಿರುಗಿ ನೋಡುತ್ತಿದ್ದ.

ಪದಗಳಿಗಾಗಿ ಹುಡುಗಿಯ ಜೊತೆ ಜಗ್ಗಾಟ ನಡೆಯುತ್ತಿತ್ತು. ಕಾರ್ಮಿಕ ತೆಗೆದು ಆಳು ಮಾಡಿದೆವು. ನಿಯೋಜಿಸು ಎಂಬುದನ್ನು ತೆಗೆದು ನಾನು 'ಆಳು ಹಚ್ಚಿ' ಎಂದು ಹಾಕಿದೆ.

"ಹಚ್ಚೋದು ಅಂದ್ರೆ ದೀಪ ಹಚ್ಚೋದಲ್ವಾ ಸರ್? ಆಳಿಗೆ ಬೆಂಕಿ ಹಚ್ಚೋದಾ?"

"ನಮ್ಮಲ್ಲಿ ಹೊಲಕ್ಕ ಆಳು ಹಚ್ಚತಾರಮ್ಮ. ಬಣ್ಣನೂ ಹಚ್ಚತಾರ, ಗುಂಡಿನೂ ಹಚ್ಚತಾರ."

"ವೈಕಿಂಗ್ಸ್ ಊರಿಗೂ ಬೆಂಕಿ ಹಚ್ಚತಾರೆ. ಕನ್‌ಫ್ಯೂಸ್ ಆಗುತ್ತೆ."

'ಆಳು ನಿಲ್ಲಿಸಿ' ಎಂದು ಇಬ್ಬರೂ ಒಪ್ಪಿದೆವು. ನಡುಪುಟದ ವಾಕ್ಯ ಮಾತ್ರ ಅನುವಾದಕರು ಕೊಟ್ಟಂತೆಯೇ ಇತ್ತು: 'ಕಾಗೆ ಬಿದ್ದರೆ ಆ ಆಳು ಸತ್ತಿತು. ಸತ್ತ ಆಳನ್ನು ವೀರರ ಸಭೆಯಲ್ಲಿ ಕೂರಿಸಿ.' ಅದರಲ್ಲಿ ತಪ್ಪೇನೂ ಕಾಣಲಿಲ್ಲ. ನಾನು ಅದನ್ನು ಓದದೆ ಅಕ್ಷರದ ಅಳತೆಯಷ್ಟೇ ನೋಡಿ ಮುಂದಕ್ಕೆ ಹೋಗಿದ್ದೆ.

ಕಂಪನಿಯ ಪದ್ಧತಿಯ ಪ್ರಕಾರ ಪುಸ್ತಕ ಅಚ್ಚಿಗೆ ಹೋಗುವ ಮೊದಲು ಒಂದು ಪರೀಕ್ಷೆ. ಆಟವನ್ನು ಎಂದೂ ನೋಡದವರ ಮುಂದೆ ಪೆಟ್ಟಿಗೆ ಇಡಬೇಕು. ಅವರು ಪುಸ್ತಕ ಓದಿಕೊಂಡು ಕೊನೆಯವರೆಗೆ ಸರಿಯಾಗಿ ಆಡಬೇಕು. ಹುಡುಗಿಯೂ ನಾನೂ ಅಲ್ಲೇ ಇರಬಹುದು, ಬಾಯಿ ಬಿಡುವಂತಿಲ್ಲ. ಮೇಲಿನಿಂದ ಒಂದು ಫೋನು ಹಲಗೆಯ ಚಿತ್ರ ಹಿಡಿಯುತ್ತಿರುತ್ತದೆ. ಮೂರು ಸಲ ಅವಕಾಶ. ಮೂರನೆಯದರಲ್ಲೂ ತಪ್ಪಿದರೆ ಕನ್ನಡದ ಆವೃತ್ತಿ ಕೈಬಿಡುತ್ತಾರೆ. ಗೆದ್ದರೆ ಅವರ ಬೇರೆ ಆಟಗಳ ಕನ್ನಡದ ಕೆಲಸವೂ ನಮಗೇ.

ಅಂಗಡಿಯ ಮಾಲೀಕರು ಮರಾಠಿಯವರು, ಮಾತು ಕಡಿಮೆ. ಅವರು ನನ್ನ ಟೇಬಲ್ಲಿನ ಅಂಚಿಗೆ ಕೈಯೂರಿ ಹೇಳಿದ್ದು ಇಷ್ಟು: ಇದಾಯಿತೆಂದರೆ ಕನ್ನಡದ ಟೇಬಲ್ಲು ಇರುತ್ತದೆ, ಇಲ್ಲದಿದ್ದರೆ ದೀಪಾವಳಿಯಿಂದ ಇಲ್ಲಿ ಗೈಡಿನ ಕೆಲಸ, ನೀನೂ ಮರಾಠಿ ಮಾಡು. ಅವರು ಕೆಟ್ಟದ್ದೇನೂ ಹೇಳಲಿಲ್ಲ. ನನಗೆ ಮರಾಠಿ ಬರುತ್ತದೆ. ಆದರೆ ಹೊರಗೆಲ್ಲ ಮರಾಠಿ, ಮನೆಯಲ್ಲಿ ಮೌನ. ಕನ್ನಡಕ್ಕೆ ಅಂತ ನನಗೆ ಆ ಒಂದು ಕಿಟಕಿ ಉಳಿದಿತ್ತು.

ಮೊದಲ ಪರೀಕ್ಷೆಗೆ ಬಂದವರು ಖಡಕಿಯ ನಿವೃತ್ತ ಕ್ಲರ್ಕರು ಮತ್ತು ಅವರ ಹೆಂಡತಿ. ಧಾರವಾಡದ ಕಡೆಯವರು. ಕ್ಲರ್ಕರು ಪುಸ್ತಕವನ್ನು ಆಫೀಸಿನ ಸುತ್ತೋಲೆಯಂತೆ ಗಟ್ಟಿಯಾಗಿ ಓದಿದರು. ಹೊಲ, ಕಾಡು, ಸಂತೆ ಎಲ್ಲ ಸರಿಯಾಗಿ ನಡೆಯಿತು. ಹಡಗು ಹೊರಟಿತು, ಕಪ್ಪು ದಾಳ ಬಿತ್ತು, ಕಾಗೆ.

"ನಿಮ್ಮ ಆಳು ಸತ್ತಾನ್ರಿ," ಎಂದರು ಅವರ ಹೆಂಡತಿ.

"ಸಾಯ್ಲಿ ತಗೋ. ಮುಂದಿನ ಗರಕ್ಕ ಎಬ್ಬಸ್ತೀನಿ."

"ನೀವು ದಿನಾ ಮುಂಜಾನೆ ಏಳೋ ಹಂಗ? ಹತ್ತು ಸಲ ಎಬ್ಬಸಬೇಕಾಗ್ತದ."

ಕ್ಲರ್ಕರು ಆಳನ್ನು ವೀರರ ಸಭೆಯಲ್ಲಿ ಕೂರಿಸಿದರು. ಋತು ಮುಗಿದಾಗ ಹೊಲದವನನ್ನು, ಕಾಡಿನವನನ್ನು ಕರೆದುಕೊಂಡಂತೆ ಅವನನ್ನೂ ಎತ್ತಿ ಅಂಗಳಕ್ಕೆ ತಂದರು. ಹೆಂಡತಿಯೂ ಹಾಗೇ ಮಾಡಿದರು. ಸತ್ತವರು ಒಂದು ಋತು ಕೂತು ದಣಿವಾರಿಸಿಕೊಂಡು ಎದ್ದು ಬರುತ್ತಿದ್ದರು. ಸಭೆ ತುಂಬಲೇ ಇಲ್ಲ, ಹಾಗಾಗಿ ಆಟ ಮುಗಿಯಲೇ ಇಲ್ಲ. ಎರಡು ಸಲ ಚಹಾ ಆಯಿತು. ಕೊನೆಗೆ ಹುಡುಗಿ ಫೋನು ನಿಲ್ಲಿಸಿದಳು.

"ಅಂಕಲ್, ಸತ್ತೋರನ್ನ ಯಾಕೆ ವಾಪಸ್ ತಗೊಂಡ್ರಿ?"

ಕ್ಲರ್ಕರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಸತ್ತದ್ದು ತಿರುಗಿ ಬರೂದ ಅಲ್ಲೇನವಾ? ಚೌಕಾಬಾರಾದಾಗ ಕಾಯಿ ಸತ್ತ್ರ ಮನಿಗೆ ಹೋಗಿ ಮತ್ತ ಮೊದಲಿಂದ ಹೊಂಡ್ತದ. ಹುಡುಗ್ರ ಆಟದಾಗೂ ಸತ್ತಾಂವ ಹೊರಗ ಕೂಡ್ತಾನ, ಮುಂದಿನ ಆಟಕ್ಕ ಬರ್ತಾನ. ತಿರುಗಿ ಬರಲಾರದಂಥಾದ್ದಕ್ಕ ಸತ್ತದ್ದು ಅಂತ ಯಾರಂತಾರ?"

"ಹಾಗಾದ್ರೆ ಅದಕ್ಕೆ ಏನಂತಾರೆ?"

"ಹಣ್ಣಾತು ಅಂತಾರ. ಕಾಯಿ ನಡುವಿನ ಮನಿ ಮುಟ್ಟಿತು ಅಂದ್ರ ಹಣ್ಣಾತು. ಅದನ್ನ ಯಾರೂ ಹೊಡಿಯೂಹಂಗಿಲ್ಲ, ಅದು ಏಳೂಹಂಗಿಲ್ಲ."

ಹುಡುಗಿ ನನ್ನ ಕಡೆ ನೋಡಿದಳು. ಅವಳ ಕಣ್ಣು ಅರಳಿತ್ತು. "ನಮ್ಮಜ್ಜಿನೂ ಹಣ್ಣು ಅಂತಾನೇ ಹೇಳ್ತಿದ್ರು ಸರ್. ನಂಗೆ ಮರ್ತೇ ಹೋಗಿತ್ತು."

"ನೋಡೋಣಮ್ಮ," ಎಂದೆ ನಾನು.

ಪದ ಸರಿಯಾಗಿದೆ ಎಂದು ನನಗೆ ಆ ಗಳಿಗೆಯಲ್ಲೇ ತಿಳಿದಿತ್ತು. ಮೈಸೂರು ಕಡೆಯವರಿಗೂ ಧಾರವಾಡದವರಿಗೂ ಒಂದೇ ಅರ್ಥ ಕೊಡುವ ಪದ, ಅದೂ ಎರಡೇ ಅಕ್ಷರದ್ದು. ಆದರೆ ನನ್ನ ಕೈ ಅದನ್ನು ಹೊಡೆಯಲಿಲ್ಲ. ನನ್ನ ಹೆಂಡತಿಗೆ ತಲೆಯಲ್ಲಿ ಒಂದು ಬಿಳಿ ಕೂದಲಿರಲಿಲ್ಲ. ಜ್ವರ ಎಂದು ಮಲಗಿದವಳು ಆಸ್ಪತ್ರೆಗೆ ಹೋದಳು, ಅಲ್ಲಿಂದ ಮನೆಗೆ ಬರಲಿಲ್ಲ. ಮನೆಯ ಮುಂದಿನ ಗ್ಯಾಲರಿಯ ಕುಂಡದಲ್ಲಿ ಅವಳು ನೆಟ್ಟ ಮೆಣಸಿನ ಗಿಡ ಆಗ ಹೂ ಬಿಟ್ಟಿತ್ತಷ್ಟೆ. ಮಾಗಿ ಬಿದ್ದದ್ದನ್ನು ಹಣ್ಣೆನ್ನುತ್ತಾರೆ. ಹಾಗೆ ಹೋದವಳು ಹಣ್ಣಾದಳೆ?

ಸುಲಭದ ದಾರಿ ಇನ್ನೊಂದಿತ್ತು. 'ಸತ್ತ ಆಳು ತಿರುಗಿ ಬರುವುದಿಲ್ಲ' ಎಂದು ಒಂದು ವಾಕ್ಯ ಸೇರಿಸುವುದು. ಸೇರಿಸಿದೆ. ಪರದೆಯ ಮೇಲೆ ಅದು ಕಪ್ಪಗೆ ನಿಂತಿತು. ನಾನು ಎದ್ದು ಮೆಟ್ಟಿಲಿಳಿದು ರಸ್ತೆಗೆ ಹೋಗಿ, ಏನೂ ಕೊಳ್ಳದೆ ಎರಡು ಅಂಗಡಿ ಸುತ್ತಿ ಬಂದು ಅದನ್ನು ಅಳಿಸಿದೆ. ಹುಡುಗಿಗೂ ಅದು ಬೇಕಿರಲಿಲ್ಲ. ಆಟದ ಕಿರುಚೀಟಿಗಳ ಮೇಲೆ, ಹಲಗೆಯ ಅಂಚಿನ ಮೇಲೆ ಆ ಮಾತು ಮತ್ತೆ ಮತ್ತೆ ಬರುತ್ತದೆ, ವಾಕ್ಯ ಹಿಡಿಸುವುದಿಲ್ಲ, ಒಂದು ಪದವೇ ಬೇಕು ಎಂದಳು.

ಸಮಾರಾಧನೆಯ ಕಾಗದಗಳ ಫೈಲಿನಲ್ಲಿ ನನ್ನ ಬಳಿ ಸಾವಿಗೆ ಪದಗಳ ಸಾಲೇ ಇದೆ. ದೈವಾಧೀನ, ಶಿವಾಧೀನ, ಲಿಂಗೈಕ್ಯ, ವೈಕುಂಠವಾಸಿ, ಕೀರ್ತಿಶೇಷ. ಗಿರಾಕಿ ಬೆರಳಿಟ್ಟು ತೋರಿಸುತ್ತಾನೆ, ನಾನು ಹೆಸರು ಬದಲಿಸುತ್ತೇನೆ. ಅವಳ ಕಾಗದವನ್ನೂ ಅದೇ ಅಚ್ಚಿನಲ್ಲಿ ನಾನೇ ಮಾಡಿದ್ದೆ, ಹೆಸರು ಬದಲಿಸಿ. ಆಗ ಯಾವ ಪದವನ್ನೂ ಹುಡುಕಬೇಕಾಗಿರಲಿಲ್ಲ. ಈಗ ಒಂದೊಂದನ್ನೇ ಎತ್ತಿ ಆಟದ ವಾಕ್ಯದಲ್ಲಿಟ್ಟು ನೋಡಿದೆ. 'ಆಳು ದೈವಾಧೀನವಾಯಿತು' ಎಂಬುದನ್ನು ಓದಿ ಹುಡುಗಿ ನಗು ತಡೆಯಲು ಬಾಯಿಗೆ ಕೈ ಅಡ್ಡ ಹಿಡಿದಳು. ನನಗೂ ನಗು ಬಂತು. ಬಹಳ ದಿನಗಳ ಮೇಲೆ ಬಂದ ನಗು, ಬಂದ ಕೂಡಲೆ ಮುಜುಗರವಾಯಿತು.

ಕೊನೆಗೆ 'ವೀರರ ಮನೆಗೆ ಹೋಯಿತು' ಎಂದು ಹಾಕಿದೆ. ಸಭೆಯನ್ನು ಮನೆ ಮಾಡಿದೆ. ಹುಡುಗಿ ಒಮ್ಮೆ "ಹಣ್ಣು ಬೇಡ್ವಾ ಸರ್?" ಎಂದು ಕೇಳಿದಳು. ಸತ್ತವರಿಗೆ ಹಾಗೆ ಹೇಳಿದರೆ ಚೆನ್ನಾಗಿರುವುದಿಲ್ಲ ಎಂದೆ. ನನ್ನ ಮನೆಯ ಸುದ್ದಿ ಮಾಲೀಕರಿಂದ ಅವಳಿಗೆ ಗೊತ್ತಾಗಿತ್ತೆಂದು ಕಾಣುತ್ತದೆ. ಮತ್ತೆ ಕೇಳಲಿಲ್ಲ.

ಎರಡನೆಯ ಪರೀಕ್ಷೆ ಕುಂದಾಪುರದ ಕಡೆಯ ಹೋಟೆಲ್ ಮಾಲೀಕರ ಜೊತೆ, ಅವರ ಹೋಟೆಲಿನ ಫ್ಯಾಮಿಲಿ ರೂಮಿನಲ್ಲಿ. ಮಧ್ಯಾಹ್ನದ ಊಟ ಮುಗಿದು ಸಂಜೆಯ ದೋಸೆ ಶುರುವಾಗುವ ನಡುವಿನ ಹೊತ್ತು. ಎದುರಿಗೆ ಅವರ ಹೆಂಡತಿ. ಕಾಗೆ ಬಿತ್ತು. ಅವರು ಆಳನ್ನು ವೀರರ ಮನೆಯಲ್ಲಿಟ್ಟರು, ಸರಿ. ಋತು ಮುಗಿಯಿತು. ನನ್ನ ಕಾಲು ಕುಣಿಯುತ್ತಿತ್ತು. ಅವರು ಕೈ ಚಾಚಿ ಆ ಆಳನ್ನು ಎತ್ತಿ ಅಂಗಳಕ್ಕೆ ತಂದರು.

ನಾನು ಕಣ್ಣು ಮುಚ್ಚಿಕೊಂಡೆ.

ಆಮೇಲೆ ಹುಡುಗಿ ಕೇಳಿದಾಗ ಅವರೆಂದರು: "ಮನೆ ಅಂದ್ರೆ ಎಂತ ಮಾರಾಯ್ರೆ? ಆಟದಲ್ಲಿ ಮನೆ ಅಂದ್ರೆ ಕಾಯಿ ಇಡುವ ಜಾಗ. ಹೊಲ ಒಂದು ಮನೆ, ಕಾಡು ಒಂದು ಮನೆ, ಇದೊಂದು ಮನೆ. ಮತ್ತೆ, ಮನೆಗೆ ಹೋದವ ಬರ್ಬೇಕಲ್ಲ. ನಾನು ರಾತ್ರಿ ಮನೆಗೆ ಹೋಗ್ತೇನೆ, ಬೆಳಿಗ್ಗೆ ಹೋಟ್ಲಿಗೆ ಬರ್ತೇನೆ."

"ನೀವು ಮನೆಗೆ ಬರುದೇ ಅಪರೂಪ," ಎಂದರು ಅವರ ಹೆಂಡತಿ. "ಆ ಲೆಕ್ಕದಲ್ಲಿ ಆಳೇ ವಾಸಿ."

ಉಳಿದದ್ದು ಒಂದು ಪರೀಕ್ಷೆ. ಈ ಸಲ ಓದುವವರು ಮಾತ್ರ ಹೊಸಬರಾದರೆ ಸಾಕು, ಎದುರಿನವರು ಅವರು ಓದಿದಂತೆ ನಡೆದು ಸುಮ್ಮನಿರಬೇಕು ಎಂದು ಹುಡುಗಿ ಕಂಪನಿಯನ್ನು ಒಪ್ಪಿಸಿದಳು. ಹೊಸ ಓದುಗರಾಗಿ ಕ್ಲರ್ಕರ ಪರಿಚಯದವರೊಬ್ಬರು ಬರುವುದಿತ್ತು. ವಾರದ ಕೊನೆಗೆ ಅವರು ಫೋನು ಮಾಡಿ, ಊರಿನಿಂದ ಬೀಗರು ಬಂದಿದ್ದಾರೆ, ಎಲ್ಲರೂ ದೇವರ ದರ್ಶನಕ್ಕೆ ಜೇಜುರಿಗೆ ಹೊರಟಿದ್ದೇವೆ, ಬರಲಾಗುವುದಿಲ್ಲ ಎಂದರು. ಅಂಗಡಿಯ ಮಾಲೀಕರು ಆಗಲೇ ಗೈಡಿನ ಕಟ್ಟೊಂದನ್ನು ನನ್ನ ಟೇಬಲ್ಲಿನ ಕೆಳಗೆ ತಂದಿಟ್ಟಿದ್ದರು. ಒದೆಯುತ್ತಿದ್ದ ಕಾಲಿಗೆ ಅದು ತಗಲುತ್ತಿತ್ತು.

ಆ ಸಂಜೆ ನಿಗಡಿಗೆ ಹತ್ತಿರದ ಆಕುರ್ಡಿಯಲ್ಲಿ ಲೋಕಲ್ ರೈಲಿನಿಂದ ಇಳಿದು ಮನೆ ಸೇರುವಾಗ ಕೈಯಲ್ಲಿ ಆಟದ ಪೆಟ್ಟಿಗೆ ಇತ್ತು. ಯಾಕೆ ತಂದೆನೋ ನನಗೇ ಸ್ಪಷ್ಟವಿರಲಿಲ್ಲ. ಅಕ್ಕ ಅಡುಗೆಮನೆಯ ನೆಲದಲ್ಲಿ ಕಾಲು ಚಾಚಿ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ನಾನು ಎದುರು ಕೂತು ಒಂದು ಮರದ ಆಳನ್ನು ತೆಗೆದು ನೆಲದ ಮೇಲಿಟ್ಟೆ.

"ಏನದು?"

"ಆಟದ ಕಾಯಿ. ಆಳು."

"ಮನಷ್ಯಾನಂಗ ಮಾಡ್ಯಾರ," ಎಂದು ಎತ್ತಿ ನೋಡಿದಳು. "ಮಾರಿ ಇಲ್ಲ."

ನಾನು ಹಡಗಿನ ವಿಷಯ ಹೇಳಿದೆ. ಕಾಗೆ ಬಿದ್ದವನು ಮೇಲೆ ಹೋಗಿ ಕೂರುವುದು, ತಿರುಗಿ ಬರದಿರುವುದು. ಅವನಿಗೆ ಏನನ್ನಬೇಕು ಎಂಬುದೇ ತಿಳಿಯದೆ ಕೆಲಸ ನಿಂತಿದೆ ಎಂದೆ.

"ಹಣ್ಣಾತು ಅನ್ನು. ಇಷ್ಟಕ್ಕ ಹಿಂಗ ಕೂತೀಯೇನು?"

"ಅಕ್ಕಾ, ಅದು ಹೊಡತ ತಿಂದು ಹೋಗಿರ್ತದ. ನಡುವ ಹೋಗಿರ್ತದ. ಅದಕ್ಕ ಹಣ್ಣು ಅಂತ ಹೆಂಗನ್ನೂದು?"

ಅಕ್ಕ ತಲೆಯೆತ್ತಲಿಲ್ಲ. ಅವಳ ಕೈ ಸೊಪ್ಪಿನ ಕಡ್ಡಿಯ ಮೇಲೆ ನಿಂತಿತು. ನಾನು ಯಾರ ಮಾತಾಡುತ್ತಿದ್ದೇನೆಂದು ಅವಳಿಗೆ ತಿಳಿಯಿತು, ಅವಳಿಗೆ ತಿಳಿಯಿತೆಂದು ನನಗೆ ತಿಳಿಯಿತು. ಎದ್ದು ಹೋಗಬೇಕೆನಿಸಿತು. ಕುಕ್ಕರು ಕೂಗಿ ಸುಮ್ಮನಾಯಿತು.

"ಆಟ ಮುಗದ ಮ್ಯಾಲೆ ಅದನ್ನ ಎಣಸ್ತಾರೇನು?" ಎಂದು ಕೇಳಿದಳು.

"ಎಣಸ್ತಾರ. ಅಲ್ಲೆ ಕೂತೋರನ್ನ ಎಲ್ಲಾರ್ನೂ ಎಣಸ್ತಾರ."

"ಎಣಸ್ತಾರ ಅಂದ್ರ ಹಣ್ಣು," ಎಂದಳು. "ಎಣಸಲಾರದ್ದು ಕಾಯಿ. ಹಣ್ಣಿನ ಲೆಕ್ಕ ಅಷ್ಟ." ಮತ್ತೆ ಸೊಪ್ಪು ಬಿಡಿಸತೊಡಗಿದಳು. ಸ್ವಲ್ಪ ಹೊತ್ತಿನ ಮೇಲೆ ಆ ಮರದ ಆಳನ್ನು ಬುಟ್ಟಿಯ ಅಂಚಿನಲ್ಲಿ, ಉರುಳಿ ಹೋಗದ ಹಾಗೆ, ನಿಲ್ಲಿಸಿದಳು.

ನಾನು ಅಲ್ಲಿಂದಲೇ ಹುಡುಗಿಗೆ ಫೋನು ಮಾಡಿದೆ. ಪದ ಬದಲಿಸುತ್ತೇನೆ, ಓದಲು ನಮ್ಮ ಅಕ್ಕ ಬರುತ್ತಾಳೆ, ಆದರೆ ಆ ಒಂದು ಪದ ಅವಳಿಗೆ ಗೊತ್ತಾಗಿದೆ ಎಂದೆ.

"ಅದು ಎಲ್ಲಾ ಕನ್ನಡದೋರಿಗೂ ಗೊತ್ತಿರೋದೇ ಅಲ್ವಾ ಸರ್," ಎಂದಳು. "ಅದಕ್ಕೇ ತಾನೆ ಹಾಕ್ತಿರೋದು." ಆಮೇಲೆ ಕೇಳಿದಳು, "ಕಂಪನಿಯವರು ಕೇಳ್ತಾರೆ, ಸಾವಿಗೆ ಹಣ್ಣು ಯಾಕೆ ಅಂತ. ಏನು ಹೇಳ್ಲಿ?"

"ಆ ಆಳುಗಳನ್ನ ಕೊನಿಗೆ ಎಣಸ್ತಾರಲ್ಲ, ಅದಕ್ಕ ಅಂತ ಹೇಳಮ್ಮ."

ಮರುದಿನ ಭಾನುವಾರ. ಬೆಳಿಗ್ಗೆ ಮುಚ್ಚಿದ ಅಂಗಡಿಯ ಬೀಗ ತೆಗೆದು, ಮೊದಲ ಪರೀಕ್ಷೆಯ ಹಳೆಯ ಫೈಲನ್ನೇ ತೆರೆದು ಕೂತೆ. 'ಕಾಗೆ ಬಿದ್ದರೆ ಆ ಆಳು ಹಣ್ಣಾಯಿತು. ಹಣ್ಣಾದ ಆಳನ್ನು ವೀರರ ಸಭೆಯಲ್ಲಿ ಕೂರಿಸಿ.' ಸಾಲು ಪುಟದ ಚೌಕಟ್ಟಿನೊಳಗೆ ಸರಿಯಾಗಿ ಕೂತು ಅಂಚಿನಲ್ಲಿ ಜಾಗವೂ ಉಳಿಯಿತು. ಉಳಿದ ಪುಟಗಳಲ್ಲಿ ಒಟ್ಟಿಗೆ ಬದಲಿಸಲು ಹೋಗಿ ಒಂದು ಅವಾಂತರವಾಯಿತು. 'ಸತ್ತ' ಇದ್ದಲ್ಲೆಲ್ಲ 'ಹಣ್ಣಾದ' ಮಾಡು ಎಂದು ಯಂತ್ರಕ್ಕೆ ಹೇಳಿದ್ದೆ. 'ಬೆಳೆ ಒಣಗಿ ಸತ್ತರೆ' ಎಂಬುದು 'ಬೆಳೆ ಒಣಗಿ ಹಣ್ಣಾದರೆ' ಆಗಿ ಕೂತಿತ್ತು. ಕಾಣದ ಗುರುತುಗಳೂ ಉದುರಿ ವೈಕಿಂಗ್‌ಗಳೆಲ್ಲ ಮತ್ತೆ ಒಬ್ಬರ ಮೇಲೊಬ್ಬರು ಏರಿದ್ದರು. ಎಲ್ಲವನ್ನೂ ಕೈಯಿಂದಲೇ, ಪುಟಪುಟವಾಗಿ ತಿದ್ದಿದೆ. ಪ್ರತಿ ಪುಟದಲ್ಲೂ ಆ ಪದ ಎದುರಾಗುತ್ತಿತ್ತು. ಮೊದಮೊದಲು ಬೇಗ ದಾಟುತ್ತಿದ್ದೆ. ಕೊನೆಯ ಪುಟಗಳ ಹೊತ್ತಿಗೆ ಅದನ್ನು ನಿಂತು ಓದಿ, ಆಮೇಲೆ ಮುಂದಿನ ಸಾಲಿಗೆ ಹೋಗುತ್ತಿದ್ದೆ.

ಸೋಮವಾರ ಮಧ್ಯಾಹ್ನ ಅದೇ ಫ್ಯಾಮಿಲಿ ರೂಮಿನಲ್ಲಿ ಅಕ್ಕ ಕನ್ನಡಕ ಹಾಕಿಕೊಂಡು ಕೂತಳು. ಎದುರಿಗೆ ಹೋಟೆಲ್ ಮಾಲೀಕರು. ಅಕ್ಕ ಓದಿದ್ದು ಕನ್ನಡ ಶಾಲೆಯ ನಾಲ್ಕನೆಯ ಇಯತ್ತೆಯವರೆಗೆ. ಅಕ್ಷರಗಳ ಕೆಳಗೆ ಬೆರಳು ಓಡಿಸುತ್ತ ಓದಿದಳು. ಒಂದು ಪುಟಕ್ಕೆ ಅವಳು ತೆಗೆದುಕೊಂಡ ಹೊತ್ತಿಗೆ ನನಗೆ ಬೆವರು ಬಂತು. ದಾಳಗಳನ್ನು ಎರಡೂ ಅಂಗೈಗಳ ನಡುವೆ ಕವಡೆಯಂತೆ ಕುಲುಕಿ, ಉಫ್ ಎಂದು ಊದಿ ಒಗೆದಳು. ಒಂದು ಉರುಳಿ ಚಟ್ನಿಯ ಬಟ್ಟಲಿಗೆ ಬಿತ್ತು.

"ಆರು ಬಿದ್ದದ ನೋಡ್ರಿ," ಎಂದಳು ಬಟ್ಟಲಿಗೆ ಇಣುಕಿ. "ಚಟ್ನಿಯೊಳಗ ಬಿದ್ರೂ ಆರು ಆರ."

ಹೋಟೆಲ್ ಮಾಲೀಕರು ಬಾಯಿ ತೆರೆಯುವಂತಿರಲಿಲ್ಲ. ಹೆಗಲು ಕುಣಿಸಿ ನಕ್ಕರು.

ಹಡಗಿನಲ್ಲಿ ಮೂವರು ಕೂಡಿದರು. ಇಬ್ಬರು ಅಕ್ಕನ ಆಳುಗಳು, ಒಬ್ಬ ಎದುರಿನವರ ಆಳು. ಕಪ್ಪು ದಾಳ. ಮೊದಲನೆಯವನಿಗೆ ಗುರಾಣಿ. ಎರಡನೆಯವನಿಗೆ ಕಾಗೆ.

ಅಕ್ಕ ನಡುಪುಟ ಹುಡುಕಿದಳು. ಬೆರಳಿಟ್ಟು ಓದಿದಳು. ಆಳನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿದಳು. ಹುಡುಗಿ ನನ್ನ ಕಡೆ ನೋಡಿದಳು, ನಾನು ನೆಲ ನೋಡಿದೆ. ಒಳಗೆ ಅಡುಗೆಯವರು ದೋಸೆಯ ಹಂಚು ಕೆರೆಯುವ ಸದ್ದು.

"ಹಣ್ಣಾತು," ಎಂದಳು ಅಕ್ಕ. ಆಳನ್ನು ವೀರರ ಸಭೆಯ ಮೊದಲ ಆಸನದಲ್ಲಿ ಕೂರಿಸಿದಳು. ಅದು ಸ್ವಲ್ಪ ವಾರೆಯಾಗಿತ್ತು, ಸರಿಮಾಡಿದಳು.

ಋತು ಮುಗಿಯಿತು. ಹೊಲದವನನ್ನು ಕರೆದುಕೊಂಡಳು, ಕಾಡಿನವನನ್ನು ಕರೆದುಕೊಂಡಳು. ಅವಳ ಕೈ ಹಲಗೆಯ ಮೇಲ್ಭಾಗಕ್ಕೆ ಹೋಗಲಿಲ್ಲ. ಹೋಟೆಲ್ ಮಾಲೀಕರ ಕೈಯೂ ಹೋಗಲಿಲ್ಲ. ನನ್ನ ಕಾಲು ನಿಂತಿದೆ ಎಂದು ನನಗೆ ಆಗ ಗೊತ್ತಾಯಿತು.

ಸಭೆಯ ಕೊನೆಯ ಆಸನ ತುಂಬುವ ಹೊತ್ತಿಗೆ ಹೊರಗೆ ಸಂಜೆಯ ಗಿರಾಕಿಗಳು ಬರತೊಡಗಿದ್ದರು. ಮಾಣಿ ಬಾಗಿಲಿನಿಂದ ಎರಡು ಸಲ ಇಣುಕಿದ. ಹುಡುಗಿಗೆ ಸಂತೋಷ ತಡೆಯಲಾಗಲಿಲ್ಲ. ಒಂದೂ ತಪ್ಪಿಲ್ಲದೆ ಆಟ ಕೊನೆ ಮುಟ್ಟಿತ್ತು. ಫೋನು ಬಂದ್ ಮಾಡಿ, "ಆಯ್ತು ಸರ್, ಪಾಸ್," ಎನ್ನುತ್ತ, ಕೋಣೆ ಬಿಟ್ಟುಕೊಡುವ ಅವಸರದಲ್ಲಿ ಆಳುಗಳನ್ನು ಚೀಲಕ್ಕೆ ಬಾಚಲು ಕೈ ಹಾಕಿದಳು.

ಅಕ್ಕ ಸಭೆಯ ಮೇಲೆ ಅಂಗೈ ಅಡ್ಡ ಹಿಡಿದಳು.

"ತಡಿ ತಂಗಿ. ನನ್ನವು ಇನ್ನೂ ಎಣಿಸಿಲ್ಲ."

ಹುಡುಗಿ ಕೈ ಹಿಂದಕ್ಕೆ ತೆಗೆದುಕೊಂಡಳು. ಅಕ್ಕ ಒಂದೊಂದರ ತಲೆಯನ್ನೂ ಬೆರಳಿನಿಂದ ಮುಟ್ಟಿ, ಗಟ್ಟಿಯಾಗಿ, ಅವಸರವಿಲ್ಲದೆ ಎಣಿಸಿದಳು. ಹೋಟೆಲ್ ಮಾಲೀಕರು ಬಾಗಿಲಿನ ಕಡೆ ನೋಡದೆ ಕೇಳಿಸಿಕೊಂಡರು. ಕೀರ್ತಿಯ ಲೆಕ್ಕದಲ್ಲಿ ಅಕ್ಕ ಸೋತಿದ್ದಳು. ಅದನ್ನು ಅವಳು ಗಮನಿಸಲಿಲ್ಲ.

ಟೇಬಲ್ಲಿನ ಕೆಳಗಿದ್ದ ಗೈಡಿನ ಕಟ್ಟನ್ನು ಮರುದಿನ ಅಂಗಡಿಯ ಮಾಲೀಕರೇ ಎತ್ತಿಸಿ ಮರಾಠಿಯವನ ಕಡೆ ಇಡಿಸಿದರು. ಪುಸ್ತಕ ಈಗ ಅಚ್ಚಾಗಿದೆ. ನಡುಪುಟದ ಆ ಸಾಲು ಇದ್ದ ಹಾಗೇ ಇದೆ.

ಆಟ ಮುಗಿದ ಆ ಸೋಮವಾರದ ಸಂಜೆ ಶಿವಾಜಿನಗರದಿಂದ ಲೋಕಲ್ ಹತ್ತಿದಾಗ ಅಕ್ಕನಿಗೆ ಕಿಟಕಿ ಸಿಕ್ಕಿತು. ಗಾಡಿ ಖಡಕಿ ದಾಟಿತು. ಆಮೇಲೆ ಅವಳು ಹೊರಗೆ ನೋಡುತ್ತಲೇ ಅಂದಳು:

"ಆಕಿ ಇದ್ದಿದ್ರ ಹಡಗ ಹತ್ತಸ್ತಿದ್ದಿಲ್ಲ ನೋಡು. ಆರು ಬಿದ್ರೂ ಹತ್ತಸ್ತಿದ್ದಿಲ್ಲ. ಎಲ್ಲಾರ್ನೂ ಹೊಲದಾಗ ನಿಂದರಸ್ತಿದ್ಲು."

ಚೌಕಾಬಾರಾದಲ್ಲೂ ಅವಳು ಹಾಗೇ ಆಡುತ್ತಿದ್ದಳು. ಯಾರೂ ಹೊಡೆಯಲಾಗದ ಮನೆ ಸಿಕ್ಕರೆ ಅಲ್ಲೇ ಕಾಯಿ ಇಟ್ಟುಕೊಂಡು ಕೂರುತ್ತಿದ್ದಳು. ಎದುರಿನವರ ಕಾಯಿಯನ್ನೂ ಹೊಡೆಯುತ್ತಿರಲಿಲ್ಲ. ಅಕ್ಕ ಬೈಯುತ್ತಿದ್ದಳು.

"ಸೋಲ್ತಿದ್ಲು," ಎಂದೆ.

"ಸೋಲ್ತಿದ್ಲು," ಎಂದಳು ಅಕ್ಕ. "ದಿನಾ ಸೋಲ್ತಿದ್ಲು." ಗಾಡಿ ಬ್ರೇಕು ಹಾಕಿತು, ಅವಳು ನನ್ನ ತೋಳು ಹಿಡಿದುಕೊಂಡಳು. "ಪೌಡರ್ ಡಬ್ಬಿ ನನ್ನ ಟ್ರಂಕಿನಾಗ ಅದ. ನಾಳೆ ತಗದಿಡ್ತೀನಿ. ನಿನಗ ಆಡ್ಲಿಕ್ಕೆ ಬರ್ತದಿಲ್ಲೋ?"